‘ಸೇರಿಸು’ ಬೇರೆ, ‘ಆಗುವಷ್ಟು ಸೇರಿಸು’ ಬೇರೆ: ಕಾಂಪೌಂಡಿಂಗ್ ಲೆಕ್ಕದ ಟಿಪ್ಪಣಿ

ಮೊನ್ನೆ ಫಾರ್ಮಾಸ್ಯುಟಿಕ್ಸ್ ಪ್ರಾಯೋಗಿಕ ತರಗತಿಯಲ್ಲಿ ಒಂದು ಮಗುವಿಗೆಂದು ಬರೆದ ಅಭ್ಯಾಸದ ಚೀಟಿಯಂತೆ ನಾನು ಕಟ್ಟಿದ ಔಷಧದ ಹದಿನಾಲ್ಕು ಪೊಟ್ಟಣಗಳನ್ನು ಮೇಡಂ ಒಂದೊಂದಾಗಿ ಬಿಚ್ಚಿ ತೂಗಿದರು. ಪ್ರತಿಯೊಂದರಲ್ಲೂ 120 ಮಿ.ಗ್ರಾಂ ಪುಡಿ. ಗೆದ್ದೆ ಎಂದುಕೊಂಡೆ. ಆಮೇಲೆ ಅವರು ಮಾರ್ಟರಿನ (ಪುಡಿ ಅರೆಯುವ ಕುಟ್ಟಾಣಿಯ) ತಳದಲ್ಲಿ ಮಿಕ್ಕಿದ್ದ ಪುಡಿಯನ್ನು ಕೆರೆದು ತಕ್ಕಡಿಗೆ ಹಾಕಿದರು. ಅಲ್ಲಿ ಒಂದು ಪೊಟ್ಟಣಕ್ಕಾಗುವಷ್ಟು ಮಾತ್ರ ಉಳಿಯಬೇಕಿತ್ತು. ಉಳಿದದ್ದು ಸುಮಾರು ಅರ್ಧ ಗ್ರಾಂ, ಅಂದರೆ ನಾಲ್ಕು ಪೊಟ್ಟಣಕ್ಕಾಗುವಷ್ಟು.

“ಪೊಟ್ಟಣದ ತೂಕವೇನೋ ಸರಿ ಇದೆ. ಆದರೆ ಮಗುವಿನ ಹೊಟ್ಟೆ ಸೇರಬೇಕಿದ್ದ ಔಷಧದ ಒಂದು ಪಾಲು ಇಲ್ಲೇ ಉಳಿದುಕೊಂಡಿತಲ್ಲ” ಎಂದರು.

ಆ ಮಾತು ಮನಸ್ಸಿನಿಂದ ಹೋಗಲಿಲ್ಲ. ಎರಡು ರಾತ್ರಿ ಕುಳಿತು ಲೆಕ್ಕವನ್ನು ಬೇರುಸಹಿತ ಬಿಡಿಸಿದೆ. ಮರೆಯುವ ಮುನ್ನ ಬರೆದಿಡುತ್ತಿದ್ದೇನೆ. ಇದೇ ವಿಷಯ ಓದುತ್ತಿರುವವರಿಗೂ ಉಪಯೋಗವಾಗಲಿ.

ಕಾಂಪೌಂಡಿಂಗ್ ಯಾಕೆ ಬೇಕು

ಇದನ್ನು ಬೇಗ ಮುಗಿಸುತ್ತೇನೆ. ಕಾರ್ಖಾನೆಯಲ್ಲಿ ಲಕ್ಷಗಟ್ಟಲೆ ತಯಾರಾಗುವ ಮಾತ್ರೆ ಎಲ್ಲರಿಗೂ ಹೊಂದುವುದಿಲ್ಲ. ದೊಡ್ಡವರ 25 ಮಿ.ಗ್ರಾಂ ಮಾತ್ರೆ ಮಾತ್ರ ಸಿಗುವಾಗ ಕೂಸಿಗೆ 5 ಮಿ.ಗ್ರಾಂ ಬೇಕಾಗುತ್ತದೆ. ಇನ್ನೊಬ್ಬರಿಗೆ ಮಾತ್ರೆಯ ಬಣ್ಣ ಒಗ್ಗದು. ಮತ್ತೊಬ್ಬರು ಮೂಗಿನ ನಳಿಕೆಯಿಂದಲೇ ಆಹಾರ ತೆಗೆದುಕೊಳ್ಳುತ್ತಿರುತ್ತಾರೆ. ಆಗ ವೈದ್ಯರು ಬರೆದ ಚೀಟಿಯಂತೆ, ಆ ಒಬ್ಬ ರೋಗಿಗೆಂದೇ ಫಾರ್ಮಸಿಸ್ಟ್ ಔಷಧ ತಯಾರಿಸುತ್ತಾರೆ. ಇದೇ ಕಾಂಪೌಂಡಿಂಗ್. ನಮ್ಮ ಊರುಗಳಲ್ಲಿ ‘ಕಾಂಪೌಂಡರ್’ ಎಂಬ ಮಾತು ಉಳಿದದ್ದು ಇದರಿಂದಲೇ. ನಮ್ಮ ಅಜ್ಜಿ ಈಗಲೂ ಹೇಳುತ್ತಾರೆ: ಆಸ್ಪತ್ರೆಗೆ ಹೋಗುವಾಗ ಮನೆಯಿಂದಲೇ ತೊಳೆದ ಸೀಸೆ ಒಯ್ಯಬೇಕಿತ್ತು, ಕಾಂಪೌಂಡರ್ ಅದಕ್ಕೆ ಕೆಂಪು ಮಿಕ್ಸ್ಚರ್ ತುಂಬಿ, ಹೊತ್ತಿಗೆ ಎಷ್ಟು ಕುಡಿಯಬೇಕೆಂದು ತೋರಿಸಲು ಕಚ್ಚು ಕತ್ತರಿಸಿದ ಕಾಗದದ ಪಟ್ಟಿಯನ್ನು ಸೀಸೆಯ ಮಗ್ಗುಲಿಗೆ ಅಂಟಿಸುತ್ತಿದ್ದರಂತೆ.

ಕಾನೂನಿನಲ್ಲೂ ಈ ಕೆಲಸಕ್ಕೆ ಪ್ರತ್ಯೇಕ ಸ್ಥಾನವಿದೆ. 1945ರ ಔಷಧ ನಿಯಮಗಳ 65ನೇ ನಿಯಮದ ಪ್ರಕಾರ, ನೋಂದಾಯಿತ ಫಾರ್ಮಸಿಸ್ಟ್ ಇದ್ದು ಚೀಟಿಯಂತೆ ಔಷಧ ತಯಾರಿಸುವ ಏರ್ಪಾಟೂ ಇರುವ ಅಂಗಡಿ ಮಾತ್ರ ತನ್ನನ್ನು ‘ಫಾರ್ಮಸಿ’ ಎಂದು ಕರೆದುಕೊಳ್ಳಬೇಕು. ಫಾರ್ಮಸಿಸ್ಟ್ ಇದ್ದು ಆ ಏರ್ಪಾಟು ಇಲ್ಲದಿದ್ದರೆ ಅದು ‘ಕೆಮಿಸ್ಟ್ಸ್ ಅಂಡ್ ಡ್ರಗ್ಗಿಸ್ಟ್ಸ್’. ಇದನ್ನು ಓದಿದ ದಿನ ಕಾಲೇಜಿನಿಂದ ಮನೆಯವರೆಗೆ ಪ್ರತಿ ಬೋರ್ಡನ್ನೂ ಓದುತ್ತಾ ಬಂದೆ.

ಎಡವಿಸಿದ ಎರಡಕ್ಷರ

ಚೀಟಿಯಲ್ಲಿ ‘ಕ್ಯೂ.ಎಸ್. ಆಡ್ 100 ಮಿ.ಲೀ.’ ಎಂದು ಬರುತ್ತದೆ. ‘ಕ್ಯೂ.ಎಸ್.’ ಎಂದರೆ ‘ಸಾಕಾಗುವಷ್ಟು’. ಈ ‘ಆಡ್’ ಲ್ಯಾಟಿನ್ ಪದ, ಅರ್ಥ ‘ವರೆಗೆ’. ನಾನು ಅದನ್ನು ಇಂಗ್ಲಿಷಿನ ‘ಆ್ಯಡ್’ ಎಂದುಕೊಂಡು, ‘100 ಮಿ.ಲೀ. ಸೇರಿಸು’ ಎಂದು ಓದಿಕೊಂಡೆ. ನಿಜವಾದ ಅರ್ಥ ‘ಒಟ್ಟು 100 ಮಿ.ಲೀ. ಆಗುವಷ್ಟು ಸೇರಿಸು’. ನಮ್ಮ ತರಗತಿಯಲ್ಲಿ ಇನ್ನೂ ನಾಲ್ಕೈದು ಜನ ಹೀಗೆಯೇ ಓದಿದ್ದರು, ಆದ್ದರಿಂದ ಇದನ್ನು ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಿ.

ಒಮ್ಮೆ ಇದು ತಿಳಿದರೆ ಮುಗಿಯಿತು ಎಂದುಕೊಂಡಿದ್ದೆ. ಮುಗಿಯಲಿಲ್ಲ. ‘ಒಟ್ಟು ಇಷ್ಟಾಗಬೇಕು’ ಎಂದಾಗ ಆ ‘ಇಷ್ಟು’ ತೂಕವೋ ಜಾಗವೋ ಎಂಬ ಪ್ರಶ್ನೆ ಅದರ ಬೆನ್ನಿಗೇ ನಿಂತಿದೆ.

ಪೊಟ್ಟಣ: ಇಲ್ಲಿ ಗುರಿ ತೂಕ

ನನಗೆ ಕೊಟ್ಟ ಅಭ್ಯಾಸದ ಚೀಟಿ: ಸ್ಪೈರೊನೊಲ್ಯಾಕ್ಟೋನ್ 5 ಮಿ.ಗ್ರಾಂನ 14 ಪೊಟ್ಟಣ, ದಿನಕ್ಕೆ ಎರಡರಂತೆ ಒಂದು ವಾರಕ್ಕೆ. ಕೈಯಲ್ಲಿರುವುದು 25 ಮಿ.ಗ್ರಾಂ ಮಾತ್ರೆ. ಅರೆಯುವಾಗ, ಮಡಚುವಾಗ ಸ್ವಲ್ಪ ನಷ್ಟವಾಗುತ್ತದೆ, ಹಾಗಾಗಿ 15ಕ್ಕೆ ಲೆಕ್ಕ ಹಾಕಬೇಕು. 15 × 5 = 75 ಮಿ.ಗ್ರಾಂ, ಅಂದರೆ ಮೂರು ಮಾತ್ರೆ.

5 ಮಿ.ಗ್ರಾಂ ಪುಡಿಯನ್ನು ನೇರವಾಗಿ ತೂಗಲಾಗದು. ತಕ್ಕಡಿಯ ಸೂಕ್ಷ್ಮತೆ (ಅದರ ಮುಳ್ಳು ಕದಲಲು ಬೇಕಾದ ತೂಕ) 6 ಮಿ.ಗ್ರಾಂ, ಒಪ್ಪಬಹುದಾದ ದೋಷ ಶೇ. 5 ಎಂದಿಟ್ಟುಕೊಂಡರೆ, ಅದರಲ್ಲಿ ನಂಬಿ ತೂಗಬಹುದಾದ ಅತಿ ಕಡಿಮೆ ತೂಕ 6 ÷ 0.05 = 120 ಮಿ.ಗ್ರಾಂ. ಅದಕ್ಕೇ ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಬೆರೆಸಿ ಪ್ರತಿ ಪೊಟ್ಟಣವನ್ನು 120 ಮಿ.ಗ್ರಾಂಗೆ ಏರಿಸುತ್ತೇವೆ. ಒಟ್ಟು ಪುಡಿ 15 × 120 = 1800 ಮಿ.ಗ್ರಾಂ.

ಈಗ ಲ್ಯಾಕ್ಟೋಸ್ ಎಷ್ಟು? ನಾನು ಮಾಡಿದ್ದು: 1800 − 75 = 1725. ಇದೇ ತಪ್ಪು. ಮಾತ್ರೆಯ ಮೇಲೆ 25 ಎಂದು ಬರೆದಿದ್ದರೂ ಅದು 25 ಮಿ.ಗ್ರಾಂ ತೂಗುವುದಿಲ್ಲ. ಅದರಲ್ಲಿ ಪಿಷ್ಟವಿದೆ, ಅಂಟು ಇದೆ, ಲೇಪವಿದೆ. ನಾನು ತೂಗಿದಾಗ ಒಂದೊಂದೂ 160 ಮಿ.ಗ್ರಾಂ ಇತ್ತು. (ಕಂಪನಿಯಿಂದ ಕಂಪನಿಗೆ ತೂಕ ಬದಲಾಗುತ್ತದೆ, ಪ್ರತಿ ಸಲವೂ ತೂಗಲೇಬೇಕು.) ಮೂರು ಮಾತ್ರೆಗೆ 480. ಆದ್ದರಿಂದ ಬೇಕಾದ ಲ್ಯಾಕ್ಟೋಸ್ 1800 − 480 = 1320 ಮಿ.ಗ್ರಾಂ.

ನಾನು 1725 ಹಾಕಿದ್ದರಿಂದ ಒಟ್ಟು ಪುಡಿ 2205 ಮಿ.ಗ್ರಾಂ ಆಯಿತು. ಅದರಿಂದ 120 ಮಿ.ಗ್ರಾಂ ತೂಗಿ ಕಟ್ಟಿದರೆ ಔಷಧ 75 × 120 ÷ 2205, ಅಂದರೆ 4.08 ಮಿ.ಗ್ರಾಂ. ಐದರ ಜಾಗದಲ್ಲಿ ನಾಲ್ಕು! ಹೊರಗಿನಿಂದ ನೋಡಿದರೆ ಪೊಟ್ಟಣಗಳಲ್ಲಿ ಯಾವ ಲೋಪವೂ ಕಾಣದು. ಮಾರ್ಟರಿನಲ್ಲಿ ಮಿಕ್ಕಿದ ಪುಡಿಯೊಂದೇ ಸಾಕ್ಷಿ. ಅಂದಿನಿಂದ ನಾನು ಮಿಕ್ಕಿದ್ದನ್ನು ತೂಗದೆ ಮಾರ್ಟರ್ ತೊಳೆಯುವುದಿಲ್ಲ.

ಬೆರೆಸುವ ಕ್ರಮವೂ ಮುಖ್ಯ. ಚಿಟಿಕೆ ಅರಿಶಿನವನ್ನು ಒಂದು ಸೇರು ಹಿಟ್ಟಿಗೆ ಒಮ್ಮೆಲೇ ಸುರಿದರೆ ಹಳದಿ ಗೆರೆಗಳು ಉಳಿಯುತ್ತವೆ. ಹಾಗಾಗಿ ಮೊದಲು ಔಷಧದ ಪುಡಿಯಷ್ಟೇ ಲ್ಯಾಕ್ಟೋಸ್ ಹಾಕಿ ಅರೆಯಬೇಕು, ಆಮೇಲೆ ಆ ಮಿಶ್ರಣದಷ್ಟೇ ಮತ್ತೆ, ಹೀಗೆ ಇಮ್ಮಡಿಸುತ್ತಾ ಹೋಗಬೇಕು. ಎಂಟರಿಕ್ ಲೇಪದ (ಹೊಟ್ಟೆಯಲ್ಲಿ ಕರಗದೆ ಕರುಳಿನಲ್ಲಿ ಕರಗುವ) ಮಾತ್ರೆ, ನಿಧಾನವಾಗಿ ಔಷಧ ಬಿಡುವ ಮಾತ್ರೆ, ಇವನ್ನು ಅರೆಯುವಂತಿಲ್ಲ.

ಸಿರಪ್: ಒಂದೇ ಪಾನಕ, ಎರಡು ಗುರಿ

ತೂಕ-ಜಾಗದ ವ್ಯತ್ಯಾಸ ನನಗೆ ಹೊಳೆದದ್ದು ಎರಡು ದೇಶಗಳ ಸಕ್ಕರೆ ಪಾಕವನ್ನು ಅಕ್ಕಪಕ್ಕ ಇಟ್ಟು ನೋಡಿದಾಗ. ಭಾರತೀಯ ಫಾರ್ಮಕೋಪಿಯಾದ (ಔಷಧಗಳ ಗುಣಮಟ್ಟ ಹೇಳುವ ಅಧಿಕೃತ ಗ್ರಂಥ) ಸರಳ ಸಿರಪ್‌ನಲ್ಲಿ 667 ಗ್ರಾಂ ಸಕ್ಕರೆ, ನೀರು ಸೇರಿ ಒಟ್ಟು 1000 ಗ್ರಾಂ. ಅಮೆರಿಕದ ಫಾರ್ಮಕೋಪಿಯಾದಲ್ಲಿ 850 ಗ್ರಾಂ ಸಕ್ಕರೆ, ನೀರು ಸೇರಿ ಒಟ್ಟು 1000 ಮಿ.ಲೀ.

ಮೊದಲನೆಯದರಲ್ಲಿ ಗುರಿ ತೂಕ. ತೂಕದಿಂದ ತೂಕ ಕಳೆದರೆ ಸಾಕು: ನೀರು 333 ಗ್ರಾಂ.

ಎರಡನೆಯದರಲ್ಲಿ ಗುರಿ ಜಾಗ. ಇಲ್ಲಿ 1000 − 850 = 150 ಮಿ.ಲೀ. ನೀರು ಎಂದರೆ ತಪ್ಪು. ಗ್ರಾಂ ಅನ್ನು ಮಿಲಿಲೀಟರಿನಿಂದ ಕಳೆದಂತಾಯಿತು. 850 ಗ್ರಾಂ ಸಕ್ಕರೆ ಕರಗಿದ ಮೇಲೆ ಹಿಡಿಯುವ ಜಾಗ ಸುಮಾರು 537 ಮಿ.ಲೀ. ಮಾತ್ರ, ಹಾಗಾಗಿ ನೀರು ಸುಮಾರು 463 ಮಿ.ಲೀ. ಹಿಡಿಸುತ್ತದೆ. ಇನ್ನು ‘ಆಡ್’ ಅನ್ನು ‘ಸೇರಿಸು’ ಎಂದು ಓದಿ 1000 ಮಿ.ಲೀ. ನೀರು ಸುರಿದವರಿಗೆ ಒಂದೂವರೆ ಲೀಟರ್ ತೆಳು ಪಾನಕ ಸಿಗುತ್ತದೆ. ಗಟ್ಟಿ ಸಿರಪ್‌ನಲ್ಲಿ ಸಕ್ಕರೆಯೇ ಸೂಕ್ಷ್ಮಜೀವಿಗಳನ್ನು ತಡೆಯುತ್ತದೆ. ತೆಳುವಾದರೆ ಆ ರಕ್ಷಣೆ ಹೋಗಿ ಬೂಸ್ಟು ಹಿಡಿಯುತ್ತದೆ.

ದ್ರವದಲ್ಲಿ ಒಂದು ಅನುಕೂಲವಿದೆ: ಲೆಕ್ಕ ಬಾರದಿದ್ದರೂ ಅಳತೆಯ ಗೆರೆ ಕಾಪಾಡುತ್ತದೆ. ಪುಡಿಯನ್ನು ಸ್ವಲ್ಪ ದ್ರವದಲ್ಲಿ ಗಂಧ ತೇಯ್ದಂತೆ ನುಣ್ಣಗೆ ಕಲಸಿ, ಸಿಲಿಂಡರಿಗೆ ಸುರಿದು, ಮಾರ್ಟರನ್ನು ಎರಡು ಮೂರು ಸಲ ಅದೇ ದ್ರವದಲ್ಲಿ ತೊಳೆದು ಆ ತೊಳೆದದ್ದನ್ನೂ ಸೇರಿಸಿ, ಕೊನೆಗೆ ಗೆರೆ ಮುಟ್ಟುವವರೆಗೆ ತುಂಬಿದರೆ ಆಯಿತು. ಮುಂದಿನ ಪ್ರಕರಣದಲ್ಲಿ ಅಂಥ ಗೆರೆ ಇಲ್ಲ. ನಾನು ಎರಡನೆಯ ರಾತ್ರಿ ಕಳೆದದ್ದು ಅಲ್ಲಿಯೇ.

ಸಪೊಸಿಟರಿ: ಗ್ರಾಂ ವೇಷದಲ್ಲಿರುವ ಜಾಗ

ಬಾಯಿಯಿಂದ ಔಷಧ ಕೊಡಲಾಗದಾಗ, ಮೈಶಾಖಕ್ಕೆ ಕರಗುವ ಕೊಕೊ ಬೆಣ್ಣೆಯಲ್ಲಿ ಔಷಧ ಬೆರೆಸಿ ಅಚ್ಚಿಗೆ ಹೊಯ್ದು ಗುದದ್ವಾರದಲ್ಲಿ ಇಡುವ ಬತ್ತಿಯೇ ಸಪೊಸಿಟರಿ. ಅಚ್ಚಿನ ಮೇಲೆ ‘1 ಗ್ರಾಂ’ ಎಂದಿರುತ್ತದೆ. ನನ್ನನ್ನು ಕೆಡವಿದ್ದು ಈ ಗುರುತು. ಪೊಟ್ಟಣದ ಪಾಠ ಆಗತಾನೆ ಕಲಿತಿದ್ದೆ: ಒಟ್ಟು ತೂಕದಿಂದ ಪುಡಿಯ ಪೂರ್ತಿ ತೂಕ ಕಳೆ. ಅದನ್ನೇ ಇಲ್ಲಿಗೂ ತಂದೆ.

ಲೆಕ್ಕ ಇದು: 1 ಗ್ರಾಂ ಅಚ್ಚಿನ 10 ಬತ್ತಿ, ಒಂದೊಂದರಲ್ಲೂ 150 ಮಿ.ಗ್ರಾಂ ಪ್ಯಾರಾಸಿಟಮಾಲ್. ಒಟ್ಟು ಔಷಧ 1.5 ಗ್ರಾಂ. ನನ್ನ ಉತ್ತರ: ಬೆಣ್ಣೆ 10 − 1.5 = 8.5 ಗ್ರಾಂ. ಕರಗಿಸಿ ಹೊಯ್ಯುತ್ತಾ ಹೋದೆ. ಒಂಬತ್ತು ಗುಳಿ ತುಂಬಿತು, ಹತ್ತನೆಯದು ಅರ್ಧಕ್ಕೆ ನಿಂತಿತು.

ಯಾಕೆ? ಅಚ್ಚಿನ ‘1 ಗ್ರಾಂ’ ಎಂದರೆ ‘ಇದರಲ್ಲಿ 1 ಗ್ರಾಂ ಕೊಕೊ ಬೆಣ್ಣೆ ಹಿಡಿಸುತ್ತದೆ’ ಎಂದರ್ಥ, ಅಷ್ಟೇ. ಗುಳಿ ಒಂದು ಜಾಗ. ಅದಕ್ಕೆ ತೂಕ ತಿಳಿಯದು. ಒಂದೇ ಪಾವಿಗೆ ಮಂಡಕ್ಕಿ ತುಂಬಿ, ಅಕ್ಕಿ ತುಂಬಿ, ಮರಳು ತುಂಬಿ. ಪಾವು ಮೂರು ಸಲವೂ ತುಂಬುತ್ತದೆ, ತೂಕ ಮೂರು ಸಲವೂ ಬೇರೆ. ಪ್ಯಾರಾಸಿಟಮಾಲ್ ಬೆಣ್ಣೆಗಿಂತ ಸಾಂದ್ರ. ಅದರ 1.5 ಗ್ರಾಂ ಹಿಡಿಯುವುದು 1 ಗ್ರಾಂ ಬೆಣ್ಣೆಯ ಜಾಗವನ್ನು ಮಾತ್ರ. ಈ 1.5 ಎಂಬುದೇ ಅದರ ಸ್ಥಾನಪಲ್ಲಟ ಮೌಲ್ಯ: 1 ಗ್ರಾಂ ಬೆಣ್ಣೆಯ ಜಾಗವನ್ನು ಎಷ್ಟು ಗ್ರಾಂ ಔಷಧ ಆಕ್ರಮಿಸುತ್ತದೆಯೋ ಅಷ್ಟು.

ಹಾಗಾಗಿ ಕಳೆಯಬೇಕಾದದ್ದು ಔಷಧದ ತೂಕವನ್ನಲ್ಲ, ಔಷಧವು ಹೊರದೂಡಿದ ಬೆಣ್ಣೆಯ ತೂಕವನ್ನು. ಹೊರದೂಡಿದ ಬೆಣ್ಣೆ 1.5 ÷ 1.5 = 1 ಗ್ರಾಂ. ಬೇಕಾದ ಬೆಣ್ಣೆ 10 − 1 = 9 ಗ್ರಾಂ.

ಭಾಗಿಸಬೇಕೋ ಗುಣಿಸಬೇಕೋ ಎಂಬ ಗೊಂದಲ ನನಗೆ ಬಹಳ ಹೊತ್ತು ಇತ್ತು. ಸತುವಿನ ಆಕ್ಸೈಡನ್ನು ನೆನೆದು ಬಿಡಿಸಿಕೊಂಡೆ. ಅದರ ಮೌಲ್ಯ 4.7. ಅಷ್ಟು ಭಾರದ ಪುಡಿ ಕಡಿಮೆ ಜಾಗ ಹಿಡಿಯಬೇಕು ತಾನೆ? ಭಾಗಿಸಿದರೆ ಮಾತ್ರ ಉತ್ತರ ಚಿಕ್ಕದಾಗುತ್ತದೆ. ಮೌಲ್ಯ ದೊಡ್ಡದಾದಷ್ಟೂ ಬೆಣ್ಣೆ ಕಡಿಮೆ ಹೊರಹೋಗುತ್ತದೆ. ಪರೀಕ್ಷೆಯಲ್ಲಿ ಸೂತ್ರ ಮರೆತರೂ ಸತುವನ್ನು ಮರೆಯಬೇಡಿ.

ತಾಳೆ ನೋಡುವ ದಾರಿಯೂ ಇದೆ. 9 ಗ್ರಾಂ ಬೆಣ್ಣೆ, 1.5 ಗ್ರಾಂ ಔಷಧ, ಒಟ್ಟು 10.5 ಗ್ರಾಂ. ಅಂದರೆ ಸರಿಯಾಗಿ ಬಂದ ಬತ್ತಿ 1 ಗ್ರಾಂ ತೂಗುವುದಿಲ್ಲ, 1.05 ಗ್ರಾಂ ತೂಗುತ್ತದೆ. ಸರಿಯಾಗಿ 1 ಗ್ರಾಂ ತೂಗಿದರೆ ಅನುಮಾನಿಸಬೇಕು! ಪೊಟ್ಟಣದ ಪಾಠ ಇಲ್ಲಿ ತಲೆಕೆಳಗಾಗುವುದು ಹೀಗೆ.

ಬೆಣ್ಣೆಯ ಬದಲು ಗ್ಲಿಸರಿನ್-ಜೆಲಟಿನ್ ತಳ (ಔಷಧವನ್ನು ಬೆರೆಸುವ ಮೂಲ ವಸ್ತು) ಬಳಸಿದರೆ ಅದು ಕೊಕೊ ಬೆಣ್ಣೆಗಿಂತ 1.2 ಪಟ್ಟು ಸಾಂದ್ರ. ಮೊದಲು ಬೆಣ್ಣೆಯ ಲೆಕ್ಕ ಮುಗಿಸಿ, ಬಂದ ಉತ್ತರವನ್ನು 1.2ರಿಂದ ಗುಣಿಸಿ: 9 × 1.2 = 10.8 ಗ್ರಾಂ. ಕೊಕೊ ಬೆಣ್ಣೆಯನ್ನು ಅತಿಯಾಗಿ ಕಾಯಿಸಬಾರದು. ಕಾಯಿಸಿದರೆ ಅದರ ಹರಳಿನ ರೂಪ ಬದಲಾಗಿ, ಕೋಣೆಯ ತಾಪದಲ್ಲೇ ಮೆತ್ತಗಾಗುವ ಬತ್ತಿ ಸಿಗುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಂತೂ ಚೆನ್ನಾಗಿ ಮಾಡಿದ ಬತ್ತಿಯನ್ನೂ ಫ್ರಿಜ್‌ನಲ್ಲೇ ಇಡಬೇಕು.

ಕೊನೆಯ ದಿನಾಂಕ

ಮಾತ್ರೆಯ ಪಟ್ಟಿಯ ಮೇಲಿದ್ದ ಅವಧಿ ನಾವು ಮಾಡಿದ ಔಷಧಕ್ಕೆ ಅನ್ವಯಿಸುವುದಿಲ್ಲ. ಬೇರೆ ಸ್ಥಿರತೆಯ ಮಾಹಿತಿ ಇಲ್ಲದಾಗ ಅಮೆರಿಕದ ಫಾರ್ಮಕೋಪಿಯಾ ನೀರಿರುವ ದ್ರವಕ್ಕೆ ಕೊಡುವ ಮಿತಿ: ಸಂರಕ್ಷಕ ಇಲ್ಲದಿದ್ದರೆ ಫ್ರಿಜ್‌ನಲ್ಲಿಟ್ಟು 14 ದಿನ, ಇದ್ದರೆ 35 ದಿನ. ಸಸ್ಪೆನ್ಷನ್ (ಪುಡಿ ಕರಗದೆ ತೇಲುವ ದ್ರವ) ಸೀಸೆಯ ಮೇಲೆ ‘ಚೆನ್ನಾಗಿ ಕುಲುಕಿ’ ಎಂದು ಬರೆಯದಿದ್ದರೆ ಮೊದಲ ಚಮಚದಲ್ಲಿ ತಿಳಿ, ಕೊನೆಯ ಚಮಚದಲ್ಲಿ ಔಷಧವೆಲ್ಲ.

ಇವೆಲ್ಲ ಬಾಯಿಗೆ, ಮೈಗೆ ಕೊಡುವ ಔಷಧದ ಮಾತು. ಚುಚ್ಚುಮದ್ದು ತಯಾರಿಸಲು ನಿರ್ಜಂತುಕ ಕೋಣೆ ಬೇಕು. 2012ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಒಂದು ಕಾಂಪೌಂಡಿಂಗ್ ಕೇಂದ್ರದ ಸ್ಟಿರಾಯ್ಡ್ ಚುಚ್ಚುಮದ್ದಿನಲ್ಲಿ ಶಿಲೀಂಧ್ರ ಬೆಳೆದು 60ಕ್ಕೂ ಹೆಚ್ಚು ಜನ ಸತ್ತರು. ಆ ಅಧ್ಯಾಯವನ್ನು ಪ್ರತ್ಯೇಕವಾಗಿ ಓದಿ. ಮನೆಯಲ್ಲಿ ಮಾತ್ರೆ ಪುಡಿ ಮಾಡಿ ಭಾಗ ಮಾಡಲು ಈ ಟಿಪ್ಪಣಿಯನ್ನು ಬಳಸಬೇಡಿ.

ನೀವೇ ಬಿಡಿಸಿ

1 ಗ್ರಾಂ ಅಚ್ಚಿನ 6 ಬತ್ತಿ, ಒಂದೊಂದರಲ್ಲೂ 300 ಮಿ.ಗ್ರಾಂ ಸತುವಿನ ಆಕ್ಸೈಡ್, ತಳ ಕೊಕೊ ಬೆಣ್ಣೆ. (ನಷ್ಟಕ್ಕೆಂದು ಹೆಚ್ಚುವರಿ ಬತ್ತಿಗಳನ್ನು ಈಗ ಬಿಟ್ಟುಬಿಡಿ.) ಉತ್ತರ 4.2 ಗ್ರಾಂ ಬಂದರೆ ನೀವು ಔಷಧದ ತೂಕವನ್ನೇ ಕಳೆದಿದ್ದೀರಿ. 5.62 ಗ್ರಾಂ ಬಂದರೆ ಸರಿ. ಆಗ ಬತ್ತಿ ಒಂದೊಂದೂ ಸುಮಾರು 1.24 ಗ್ರಾಂ ತೂಗಬೇಕು.