ಕೆಟ್ಟ ಸುದ್ದಿ ಮಾಲೀಕರಿಗೆ ಮುಟ್ಟಲು ಎಷ್ಟು ದಿನ ಬೇಕು?

ಪೀಣ್ಯ, ಬೊಮ್ಮಸಂದ್ರ, ಬೆಳಗಾವಿಯ ಉದ್ಯಮಬಾಗ್ ಕಡೆಯ ಸಣ್ಣ ಕಾರ್ಖಾನೆಗಳಿಗೆ ಸಲಹೆಗಾರನಾಗಿ ಹೋದಾಗ ಮಾಲೀಕರನ್ನು ನಾನು ಮೊದಲು ಕೇಳುವ ಪ್ರಶ್ನೆ ಇದು: "ಕಳೆದ ತಿಂಗಳು ನಿಮ್ಮ ಹುಡುಗರು ತಾವಾಗಿಯೇ ಬಂದು ಹೇಳಿದ ಕೆಟ್ಟ ಸುದ್ದಿ ಯಾವುದು?"

"ಅಂಥದ್ದೇನೂ ಇಲ್ಲ ಸಾರ್, ಎಲ್ಲ ಚೆನ್ನಾಗೇ ನಡೀತಿದೆ" ಎಂದರೆ ನನಗೆ ಆತಂಕ ಶುರುವಾಗುತ್ತದೆ. ಐವತ್ತು ಜನ ಎರಡು ಶಿಫ್ಟಿನಲ್ಲಿ ದುಡಿಯುವ ಜಾಗದಲ್ಲಿ ತಿಂಗಳಿಡೀ ಏನೂ ಕೆಡದೆ ಇರಲು ಸಾಧ್ಯವೇ ಇಲ್ಲ. ಕೆಟ್ಟಿರುತ್ತದೆ, ಮಾಲೀಕರ ಕಿವಿಗೆ ಬಿದ್ದಿರುವುದಿಲ್ಲ.

ಒಳ್ಳೆಯ ನಾಯಕರಾಗಲು ಏನು ಮಾಡಬೇಕೆಂದು ಕೇಳುವವರಿಗೆ ನಾನು ಮೊದಲು ಈ ದಾರಿಯನ್ನೇ ತೋರಿಸುತ್ತೇನೆ. ಮಾತಿನ ಕಲೆ, ದೂರದೃಷ್ಟಿ ಎಲ್ಲ ಬೇಕು ನಿಜ. ಆದರೆ ತೊಂದರೆ ಸಣ್ಣದಿರುವಾಗಲೇ ಗೊತ್ತಾಗದಿದ್ದರೆ ಅವು ಯಾವುವೂ ಕೆಲಸಕ್ಕೆ ಬರುವುದಿಲ್ಲ.

ಅಮೆರಿಕದ ಫೋರ್ಡ್ ಕಂಪನಿಯ ಪ್ರಸಂಗ ಉದ್ಯಮವಲಯದಲ್ಲಿ ಚೆನ್ನಾಗಿ ಗೊತ್ತಿರುವಂಥದ್ದು. 2006ರಲ್ಲಿ ಅಲನ್ ಮುಲಾಲಿ ವಿಮಾನ ತಯಾರಿಸುವ ಬೋಯಿಂಗ್ ಬಿಟ್ಟು ಫೋರ್ಡ್ ಮುಖ್ಯಸ್ಥರಾಗಿ ಬಂದರು. ಆ ವರ್ಷ ಕಂಪನಿಗೆ ಆದ ನಷ್ಟ 1,200 ಕೋಟಿ ಡಾಲರಿಗೂ ಮೇಲೆ. ಪ್ರತಿ ಗುರುವಾರ ಹಿರಿಯ ಅಧಿಕಾರಿಗಳ ಸಭೆ ಕರೆದು, ಕೆಲಸ ಸರಿಯಾಗಿ ಸಾಗಿದ್ದರೆ ಹಸಿರು, ಸಂದೇಹವಿದ್ದರೆ ಹಳದಿ, ಕೆಟ್ಟಿದ್ದರೆ ಕೆಂಪು ಗುರುತು ಹಾಕಿ ತನ್ನಿ ಎಂದರು. ವಾರಗಟ್ಟಲೆ ಎಲ್ಲರೂ ತಂದಿದ್ದು ಹಸಿರೇ! ಇಷ್ಟು ನಷ್ಟದಲ್ಲಿರುವ ಕಂಪನಿಯಲ್ಲಿ ಯಾವುದೂ ಕೆಟ್ಟಿಲ್ಲವೇ ಎಂದು ಅವರು ಕೇಳಬೇಕಾಯಿತು. ಕೊನೆಗೆ ಮಾರ್ಕ್ ಫೀಲ್ಡ್ಸ್ ಎಂಬ ಅಧಿಕಾರಿ ಎಡ್ಜ್ ಎಂಬ ಹೊಸ ಕಾರಿನ ಮುಂದೆ ಕೆಂಪು ಹಾಕಿ ತಂದರು. ಕಾರಿನಲ್ಲಿ ದೋಷ ಕಂಡದ್ದರಿಂದ ಬಿಡುಗಡೆಯನ್ನೇ ತಡೆದಿದ್ದರು. ಸಭೆ ಸ್ತಬ್ಧವಾಯಿತು. ಮುಲಾಲಿ ಚಪ್ಪಾಳೆ ತಟ್ಟಿದರು. ಇವರಿಗೆ ಯಾರು ನೆರವಾಗಬಲ್ಲಿರಿ ಎಂದು ಉಳಿದವರನ್ನು ಕೇಳಿದರು. ಮುಂದಿನ ವಾರಗಳಲ್ಲಿ ಬೇರೆಯವರ ಹಾಳೆಗಳಲ್ಲೂ ಕೆಂಪು, ಹಳದಿ ಕಾಣತೊಡಗಿದವು. ಅದೇ ಫೀಲ್ಡ್ಸ್ 2014ರಲ್ಲಿ ಮುಲಾಲಿಯವರ ಸ್ಥಾನಕ್ಕೆ ಬಂದರು.

ನಮ್ಮಲ್ಲಿ ಗುರುವಾರದ ಸಭೆಯೂ ಇರುವುದಿಲ್ಲ, ಬಣ್ಣದ ಹಾಳೆಯೂ ಇರುವುದಿಲ್ಲ. ಆದರೆ ಸುದ್ದಿ ತಂದವನನ್ನು ಎದುರುಗೊಳ್ಳುವ ಮೊದಲ ನಿಮಿಷ ಎಲ್ಲ ಕಡೆಯೂ ಇದೆ. ಸೂಪರ್‌ವೈಸರ್ ಬಂದು "ಸಾರ್, ಸೈಜ್ ಹೋಗಿದೆ, ನೂರು ಪೀಸ್ ರಿಜೆಕ್ಟ್" ಎಂದಾಗ "ಯಾರು ಮಾಡಿದ್ದು?" ಎಂದು ಗುಡುಗುವ ಮಾಲೀಕರನ್ನು ಬಹಳ ನೋಡಿದ್ದೇನೆ. ಮರುದಿನದಿಂದ ಸೂಪರ್‌ವೈಸರ್ ತಾನೇ ರಾತ್ರಿ ಪಾಳಿಯಲ್ಲಿ ರೀವರ್ಕ್ ಮಾಡಿಸಿ ಮುಚ್ಚಿಹಾಕುತ್ತಾನೆ. ಸುದ್ದಿ ಹೊರಬರುವುದು ಗ್ರಾಹಕರ ಕಡೆಯಿಂದ ಇಡೀ ಲಾಟ್ ವಾಪಸ್ ಬಂದಾಗ. "ಯಾವಾಗಿನಿಂದ? ಯಾವ ಮಷೀನು? ಈಗ ಏನು ಬೇಕು?" ಎಂದು ಕೇಳಲು ಖರ್ಚೇನೂ ಇಲ್ಲ. ಯಾರು ಮಾಡಿದ್ದೆಂಬುದು ಸಂಜೆ ವಿಚಾರಿಸಿದರೂ ಆಗುತ್ತದೆ.

ಶಾಪ್ ಫ್ಲೋರ್‌ಗಿಂತ ಅಪಾಯಕಾರಿ ಮೌನ ಅಕೌಂಟ್ಸ್ ಕೋಣೆಯದು. ಸಾಲದ ಕಂತು ಒಂದು ದಿನ ತಡವಾದರೂ ಬ್ಯಾಂಕ್ ಆ ಖಾತೆಯನ್ನು ನಿಗಾ ಪಟ್ಟಿಗೆ, ಬ್ಯಾಂಕಿನ ಭಾಷೆಯಲ್ಲಿ ಎಸ್‌ಎಂಎಗೆ, ಸೇರಿಸುತ್ತದೆ: 30 ದಿನದವರೆಗೆ ಎಸ್‌ಎಂಎ-0, 60ರವರೆಗೆ ಎಸ್‌ಎಂಎ-1, 90ರವರೆಗೆ ಎಸ್‌ಎಂಎ-2. 90 ದಿನ ದಾಟಿದರೆ ವಸೂಲಾಗದೆ ನಿಂತ ಸಾಲ, ಅಂದರೆ ಎನ್‌ಪಿಎ. ಎನ್‌ಪಿಎ ಆದ ಮೇಲೆ ಹೊಸ ಸಾಲ ಹುಟ್ಟುವುದು ಬಲು ಕಷ್ಟ. ಇಷ್ಟೂ ಮೆಟ್ಟಿಲು ಅಕೌಂಟೆಂಟಿಗೆ ಗೊತ್ತಿರುತ್ತದೆ. ಹೇಳಿದರೆ ತಾನೇ ಬೈಸಿಕೊಳ್ಳಬೇಕೆಂದು ಆಕೆ ಸುಮ್ಮನಿರುತ್ತಾಳೆ; ಮಾಲೀಕರಿಗೆ ತಿಳಿಯುವುದು ಬ್ಯಾಂಕ್ ಮ್ಯಾನೇಜರ್ ಫೋನ್ ಮಾಡಿದಾಗ.

ಬರಬೇಕಾದ ಬಾಕಿಯ ಕಥೆಯೂ ಹೀಗೆಯೇ. ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆಯಂತೆ ನೋಂದಾಯಿತ ಸಣ್ಣ ಘಟಕದಿಂದ ಮಾಲು ಪಡೆದವರು, ಕರಾರಿನಲ್ಲಿ ಏನೇ ಬರೆದಿದ್ದರೂ, 45 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೊಡ್ಡ ಗ್ರಾಹಕರನ್ನು ಎದುರು ಹಾಕಿಕೊಳ್ಳಲು ಹೆದರಿ ಈ ಹಕ್ಕನ್ನು ಬಳಸದವರೇ ಹೆಚ್ಚು, ಆ ಹೆದರಿಕೆ ನನಗೆ ಅರ್ಥವಾಗುತ್ತದೆ. ಆದರೆ ಯಾರ ಬಿಲ್ಲು 45 ದಿನ ದಾಟಿದೆ ಎಂಬ ಪಟ್ಟಿಯೂ ಮಾಲೀಕರ ಬಳಿ ಇಲ್ಲದಿದ್ದರೆ ಹೇಗೆ? ಸೋಮವಾರ ಬೆಳಿಗ್ಗೆ ಒಂದು ಹಾಳೆ ಸಾಕು: ಬಾಕಿ, ಕಂತು, ಸಿಸಿ (ಕ್ಯಾಶ್ ಕ್ರೆಡಿಟ್) ಸಾಲದ ಖಾತೆಯಲ್ಲಿ ಇನ್ನೂ ಬಳಸಲು ಉಳಿದ ಮಿತಿ.

"ಹೀಗೆ ಸಲಿಗೆ ಕೊಟ್ಟರೆ ಶಿಸ್ತು ಉಳಿಯುತ್ತಾ ಸಾರ್?" ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ನಾನು ಹೇಳುವುದಿಷ್ಟು: ಅದೇ ದಿನ ಹೇಳಿದ ತಪ್ಪಿಗೆ ಪರಿಹಾರ ಹುಡುಕಿ, ಮುಚ್ಚಿಟ್ಟ ತಪ್ಪಿಗೆ ಮೆಮೊ ಕೊಡಿ. ಈ ವ್ಯತ್ಯಾಸವನ್ನು ನೋಟಿಸ್ ಬೋರ್ಡಿನಲ್ಲಿ ಬರೆದು ಹಾಕಿ, ನಿಮ್ಮ ಮಗನಿಗೂ ತಮ್ಮನಿಗೂ ಅದೇ ನಿಯಮ ಇರಲಿ. ಮನೆಯವರಿಗೊಂದು, ಕೆಲಸದವರಿಗೊಂದು ಎಂದಾದ ದಿನವೇ ಜನ ಮತ್ತೆ ಬಾಯಿ ಮುಚ್ಚಿಕೊಳ್ಳುತ್ತಾರೆ.

ಇನ್ನು ಒಡಿಶಾ, ಬಿಹಾರದಿಂದ ಬಂದ ಗುತ್ತಿಗೆ ಕೆಲಸಗಾರರು. ಕನ್ನಡ ಬಾರದ ಅವರು ಮಾಲೀಕರ ಕೋಣೆಗೆ ಬಂದು ದೂರು ಹೇಳುವುದಿಲ್ಲ. ಅವರಿಗಾಗಿ ಪ್ರತಿ ಮಷೀನಿನ ಪಕ್ಕ ಕೆಂಪು ಡಬ್ಬ ಇಡಿಸಿ. ಸಂದೇಹ ಬಂದ ಪೀಸನ್ನು ಯಾರನ್ನೂ ಕೇಳದೆ ಅದಕ್ಕೆ ಹಾಕುವ ಅಧಿಕಾರ ಅವರಿಗಿರಲಿ. ದಿನಕ್ಕೊಮ್ಮೆ ನೀವೇ ನಡೆದುಹೋಗಿ ಡಬ್ಬ ನೋಡಿ. ವಾರವಿಡೀ ಖಾಲಿ ಇದ್ದರೆ ಆ ಮಷೀನಿನ ಹತ್ತು ಪೀಸುಗಳನ್ನು ನಿಮ್ಮೆದುರಿಗೇ ಅಳತೆ ಮಾಡಿಸಿ.