ಕೋವಿಯ ಬೀಗದ ಕೈ ಎಲ್ಲಿದೆಯೆಂದು ಮಕ್ಕಳಿಗೆ ಗೊತ್ತು

ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರ ಮನೆಗಳಲ್ಲಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿ ಇರುವುದು ಹೊಸ ಸಂಗತಿಯಲ್ಲ. ಹಂದಿ, ಮಂಗಗಳ ಕಾಟವನ್ನು ಕಂಡವರು ಅದನ್ನು ತಪ್ಪೆನ್ನಲಾರರು. ಆದರೆ ಅದೇ ಮನೆಗಳಲ್ಲಿ ಹದಿಹರೆಯದ ಮಕ್ಕಳೂ ಬೆಳೆಯುತ್ತಾರೆ. ಅವರ ಮಾತು ಬಂದಾಗಲೆಲ್ಲ "ಹುಡುಗನಿಗೆ ಬುದ್ಧಿ ಹೇಳಿದ್ದೇವೆ, ಅವನು ಮುಟ್ಟುವುದಿಲ್ಲ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ನಂಬಿಕೆಗೆ ಆಧಾರವಿಲ್ಲ.

ಈ ವಿಷಯದ ಅಧ್ಯಯನಗಳು ಹೆಚ್ಚಾಗಿ ನಡೆದಿರುವುದು ಅಮೆರಿಕದಲ್ಲಿ, ಅದರಲ್ಲೂ ಪಿಸ್ತೂಲು, ರಿವಾಲ್ವರುಗಳ ಬಗ್ಗೆ. ನಮ್ಮ ಜೋಡಿ ನಳಿಗೆಯ ಕೋವಿಯನ್ನು ಹೊತ್ತು ಹೊರಟರೆ ಊರಿಗೆಲ್ಲ ಕಾಣುತ್ತದೆ. ಪಿಸ್ತೂಲು ಶಾಲೆಯ ಚೀಲದಲ್ಲಿ ಅಡಗುತ್ತದೆ. ಸಿಯಾಟಲ್ ನಗರದ 11ನೆಯ ತರಗತಿಯ ವಿದ್ಯಾರ್ಥಿಗಳನ್ನು ಕುರಿತು 1992ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಶೇ. 34ರಷ್ಟು ಮಂದಿ ತಮಗೆ ಪಿಸ್ತೂಲು ಸುಲಭವಾಗಿ ಸಿಗುತ್ತದೆ ಎಂದಿದ್ದರು, ಶೇ. 6ರಷ್ಟು ಮಂದಿ ಸ್ವಂತದ್ದನ್ನೇ ಇಟ್ಟುಕೊಂಡಿದ್ದರು. ಹಾಗೆ ಇಟ್ಟುಕೊಂಡವರು ಹೆಚ್ಚಾಗಿ ಹೊಡೆದಾಟ, ಮಾದಕ ವಸ್ತುಗಳ ಮಾರಾಟ, ಶಾಲೆಯಿಂದ ಅಮಾನತು ಇಂಥವುಗಳಲ್ಲಿ ಸಿಲುಕಿದ ಹುಡುಗರು. ಪಿಸ್ತೂಲೇ ಅವರನ್ನು ಕೆಡಿಸಿತೆಂದು ಇದರಿಂದ ಸಿದ್ಧವಾಗುವುದಿಲ್ಲ, ಕೆಟ್ಟ ಸಹವಾಸವೇ ಪಿಸ್ತೂಲನ್ನೂ ತಂದಿರಬಹುದು. ಯಾವುದು ಮೊದಲು ಬಂದಿದ್ದರೂ, ಮೂಗಿನಲ್ಲಿ ರಕ್ತ ಸುರಿದು ಮುಗಿಯಬೇಕಾದ ಜಗಳ ಆಯುಧವಿದ್ದಲ್ಲಿ ಪ್ರಾಣವನ್ನೇ ತೆಗೆಯಬಲ್ಲದು.

ಬುದ್ಧಿಮಾತು ಏಕೆ ಸಾಲದು? ಆವೇಗವನ್ನು ತಡೆದು ಮುಂದಾಗುವುದನ್ನು ಯೋಚಿಸುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತೈದರ ಆಸುಪಾಸಿನಲ್ಲಿ. ಕಾರು ಓಡಿಸುವ ಕಂಪ್ಯೂಟರ್ ಆಟವನ್ನು ಬಳಸಿದ 2005ರ ಪ್ರಯೋಗವೊಂದರಲ್ಲಿ, 13ರಿಂದ 16 ವರ್ಷದವರು ಒಬ್ಬರೇ ಆಡುವಾಗಿನದಕ್ಕಿಂತ ಗೆಳೆಯರು ನೋಡುತ್ತಿದ್ದಾಗ ಬಹಳ ಹೆಚ್ಚಿನ ಅಪಾಯಕ್ಕೆ ಕೈಹಾಕಿದರು. ತಂದೆಯ ಎದುರು ತಲೆಯಾಡಿಸಿದ ಹುಡುಗ ಗೆಳೆಯರ ನಡುವೆಯೂ ಹಾಗೆಯೇ ನಡೆದುಕೊಳ್ಳುತ್ತಾನೆಂದು ಹೇಳುವಂತಿಲ್ಲ. ಅದಕ್ಕೂ ಚಿಕ್ಕವರಾದ, 8ರಿಂದ 12 ವರ್ಷದ ಹುಡುಗರನ್ನು ಗುಂಡಿಲ್ಲದ ನಿಜವಾದ ಪಿಸ್ತೂಲನ್ನು ಬಚ್ಚಿಟ್ಟ ಕೋಣೆಯಲ್ಲಿ ಬಿಟ್ಟು ನೋಡಿದ 2001ರ ಅಧ್ಯಯನದಲ್ಲಿ, ಅದನ್ನು ಕಂಡುಹಿಡಿದ ಗುಂಪುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಯಾರಾದರೊಬ್ಬ ಅದರ ಕುದುರೆಯನ್ನು (ಟ್ರಿಗರ್) ಎಳೆದೇಬಿಟ್ಟ. ಪಿಸ್ತೂಲನ್ನು ಮುಟ್ಟಿದ ಬಹುತೇಕ ಹುಡುಗರಿಗೆ ಸುರಕ್ಷತೆಯ ಪಾಠ ಮೊದಲೇ ಆಗಿತ್ತು.

ಇನ್ನು, ಇಟ್ಟ ಜಾಗ ಮಕ್ಕಳಿಗೆ ತಿಳಿಯದು ಎಂಬ ಭ್ರಮೆ. ಅಮೆರಿಕದ ಅಲಬಾಮಾ ರಾಜ್ಯದ ಹಳ್ಳಿಗಾಡಿನಲ್ಲಿ, ತಿಳಿಯದು ಎಂದ ತಂದೆತಾಯಿಯರ ಮಕ್ಕಳನ್ನು ಪ್ರತ್ಯೇಕವಾಗಿ ಕೇಳಿದಾಗ ಶೇ. 39ರಷ್ಟು ಮಕ್ಕಳಿಗೆ ಗೊತ್ತಿತ್ತು. ನಮ್ಮಲ್ಲೂ ಆಯುಧಪೂಜೆಯ ದಿನ ಕೋವಿ ಬೀರುವಿನಿಂದ ಹೊರಬರುತ್ತದೆ, ಎಣ್ಣೆ ಬಟ್ಟೆಯಲ್ಲಿ ಒರೆಸಿಕೊಂಡು, ನಳಿಗೆಗೆ ಕುಂಕುಮ ಹಚ್ಚಿಸಿಕೊಂಡು ಕತ್ತಿ, ಗರಗಸಗಳ ಜೊತೆ ಕೂರುತ್ತದೆ. ಮಂಗಳಾರತಿಯಾದ ಮೇಲೆ ಬೀಗದ ಕೈ ದೇವರ ಪಟದ ಹಿಂದೆ ಸರಿಯುವುದನ್ನು ಮನೆಯ ಹುಡುಗ ನೋಡಿರುತ್ತಾನೆ.

ಬೀಗ ಹಾಕಿದರೂ ಹಟ ಹಿಡಿದವನು ಒಡೆಯುವುದಿಲ್ಲವೇ ಎಂದು ಕೇಳುವವರಿದ್ದಾರೆ. ಸೋಲಾರ್ ಬೇಲಿಗೆ ಆನೆಯನ್ನು ತಡೆಯುವ ಬಲವಿಲ್ಲ. ತಂತಿ ತಾಗಿದಾಗಿನ ಹೊಡೆತಕ್ಕೆ ಆನೆ ಅಳುಕಿ ಹಿಂದೆ ಸರಿಯುವುದರಿಂದ ಬೇಲಿ ಕೆಲಸ ಮಾಡುತ್ತದೆ. ಬೀಗದ್ದೂ ಇದೇ ರೀತಿ, ಅದು ಆವೇಗದ ಗಳಿಗೆಯನ್ನು ದಾಟಿಸುತ್ತದೆ. ಅಮೆರಿಕದ ಹೂಸ್ಟನ್ ನಗರದಲ್ಲಿ ಆತ್ಮಹತ್ಯೆಗೆ ಯತ್ನಿಸಿ ಉಳಿದ 13ರಿಂದ 34 ವರ್ಷದವರನ್ನು ವಿಚಾರಿಸಿದಾಗ, ಸುಮಾರು ಕಾಲುಭಾಗದಷ್ಟು ಮಂದಿಯಲ್ಲಿ ನಿರ್ಧಾರಕ್ಕೂ ಯತ್ನಕ್ಕೂ ನಡುವೆ 5 ನಿಮಿಷವೂ ಇರಲಿಲ್ಲ. ಪರೀಕ್ಷೆಯ ಫಲಿತಾಂಶ ಬಂದ ಸಂಜೆ, ಬೈಗುಳ ತಿಂದ ರಾತ್ರಿ ಆ 5 ನಿಮಿಷ ದಾಟಿದರೆ ಮನಸ್ಸು ಹೊರಳಲು, ಯಾರಾದರೂ ಬಳಿಗೆ ಬರಲು, 14416ರ ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿಗೆ ಕರೆ ಮಾಡಲು ಅವಕಾಶ ಸಿಗುತ್ತದೆ.

1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ 21 ವರ್ಷ ತುಂಬದವರು ಕೋವಿ ಹೊಂದುವಂತಿಲ್ಲ, ಆದರೆ ಬೀರುವಿನ ಬಾಗಿಲನ್ನು ಕಾಯ್ದೆ ಕಾಯಲಾರದು. ಬಂದೂಕಿಗೆ ಬೀಗ ಹಾಕುವುದು, ಅದರೊಳಗಿನ ತೋಟಾ (ಗುಂಡು) ತೆಗೆದಿಡುವುದು, ತೋಟಾಗಳನ್ನು ಬೇರೆಡೆ ಇಡುವುದು, ಅವಕ್ಕೂ ಬೀಗ ಹಾಕುವುದು, ಈ ನಾಲ್ಕೂ ಮಕ್ಕಳ ಸಾವುನೋವನ್ನು ತಗ್ಗಿಸುವುದರೊಂದಿಗೆ ಬೆಸೆದುಕೊಂಡಿವೆ ಎಂದು ಅಮೆರಿಕದ 2005ರ ಅಧ್ಯಯನ ತೋರಿಸಿತು. ತೋಟಾ ತೆಗೆದಿಟ್ಟದ್ದರ ಪರಿಣಾಮ ಬೀಗದ್ದಕ್ಕೆ ಹೆಚ್ಚುಕಡಿಮೆ ಸಮನಾಗಿತ್ತು. ಹಾಗಾಗಿ ರಾತ್ರಿಯೆಲ್ಲ ಹಂದಿ ಕಾದು ಬೆಳಗಿನ ಜಾವ ದಣಿದು ಬಂದವರು ಕೋವಿಯನ್ನು ಬಾಗಿಲ ಹಿಂದೆ ಒರಗಿಸುವ ಮೊದಲೇ ತೋಟಾ ಹೊರತೆಗೆಯಬೇಕು.