528 ಹರ್ಟ್ಸ್‌ನ ಮಹಿಮೆ ಹುಟ್ಟಿದ್ದು ಎಲ್ಲಿ?

ಯೂಟ್ಯೂಬ್‌ನಲ್ಲಿ ‘528 ಹರ್ಟ್ಸ್’ ಎಂದು ಹುಡುಕಿ ನೋಡಿ. ಗಂಟೆಗಟ್ಟಲೆ ಗುಂಯ್‌ಗುಡುವ ವಿಡಿಯೊಗಳು ಸಾಲುಗಟ್ಟುತ್ತವೆ. ಡಿಎನ್‌ಎ ರಿಪೇರಿ, ಗಾಢ ನಿದ್ದೆ, ಆತಂಕದಿಂದ ಮುಕ್ತಿ ಎಲ್ಲವೂ ಶೀರ್ಷಿಕೆಯಲ್ಲೇ ಸಿಕ್ಕಿಬಿಡುತ್ತವೆ. ಜೊತೆಗೆ 396, 417, 639, 741, 852 ಎಂಬ ಐದು ಒಡಹುಟ್ಟುಗಳು. ಇವನ್ನೆಲ್ಲ ಸೇರಿಸಿ ‘ಸಾಲ್ಫೆಜಿಯೊ’ ಕಂಪನಗಳು ಎನ್ನುತ್ತಾರೆ. ಹಿಂದಿನ ಕಾಲದ ಕ್ರೈಸ್ತ ಸನ್ಯಾಸಿಗಳು ಹಾಡುತ್ತಿದ್ದರಂತೆ, ಆಮೇಲೆ ಕಳೆದುಹೋದವಂತೆ.

ಇಟಲಿಯ ಸನ್ಯಾಸಿ ಗ್ವಿಡೊ 11ನೇ ಶತಮಾನದಲ್ಲಿ ಹಾಡು ಕಲಿಸಲು ‘ಉತ್, ರೆ, ಮಿ, ಫಾ, ಸೋಲ್, ಲಾ’ ಎಂಬ ಹೆಸರುಗಳನ್ನು ಬಳಕೆಗೆ ತಂದದ್ದು ನಿಜ. ಆದರೆ ಅವು ಹೇಳುವುದು, ನಮ್ಮ ಸರಿಗಮದ ಹಾಗೆ, ಸ್ವರದಿಂದ ಸ್ವರಕ್ಕಿರುವ ಅಂತರವನ್ನು. ಸೆಕೆಂಡಿಗೆ ಎಷ್ಟು ಕಂಪನ ಎಂದು ಎಣಿಸುವ ಉಪಾಯವೇ ಆಗ ಇರಲಿಲ್ಲ. ಈ ಆರು ಸಂಖ್ಯೆಗಳು ಬಂದದ್ದು ಅಮೆರಿಕದ ಜೋಸೆಫ್ ಪುಲಿಯೊ ಅವರಿಂದ. ಬೈಬಲ್ಲಿನ ಅರಣ್ಯಕಾಂಡದ 7ನೇ ಅಧ್ಯಾಯದ ವಚನಸಂಖ್ಯೆಗಳ ಅಂಕಿಗಳನ್ನು ಕೂಡಿಸಿ ಅವರು ಇವನ್ನು ‘ಕಂಡುಕೊಂಡರು’. ಲೆನಾರ್ಡ್ ಹೊರೊವಿಟ್ಜ್ ಜೊತೆಗೂಡಿ ಪುಸ್ತಕ ಮಾಡಿದ್ದು 1999ರಲ್ಲಿ.

ಹರ್ಟ್ಸ್ ಎಂದರೆ ಸೆಕೆಂಡಿಗೆ ಇಷ್ಟು ಕಂಪನ ಎಂಬ ಲೆಕ್ಕ. ಸೆಕೆಂಡಿನ ಬದಲು ನಮ್ಮ ಹಳೆಯ ವಿಘಳಿಗೆಯಲ್ಲಿ, ಅಂದರೆ 24 ಸೆಕೆಂಡಿನಲ್ಲಿ, ಎಣಿಸಿದ್ದರೆ ಇದೇ ನಾದದ ಸಂಖ್ಯೆ 12,672 ಆಗುತ್ತಿತ್ತು. ಕಂಪನ ಬದಲಾಗಲಿಲ್ಲ, ಅಂಕಿ ಬದಲಾಯಿತು. ಅಂಕಿ ಕೂಡಿಸಿ ಕಂಡುಕೊಂಡ ಮಹಿಮೆಗೆ ಇಲ್ಲೇ ನೆಲ ಕುಸಿಯುತ್ತದೆ.

ಇನ್ನು ಡಿಎನ್‌ಎ ವಿಚಾರ. ನಮ್ಮ ದೇಹ ಬಹುಪಾಲು ನೀರು. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. ಹಾಗಾದರೆ ದೇಹದೊಳಗೆ 528 ಹರ್ಟ್ಸ್‌ನ ಅಲೆಯ ಉದ್ದ ಸುಮಾರು 2.8 ಮೀಟರ್, ಆಳಿಗಿಂತ ಉದ್ದ. ಡಿಎನ್‌ಎ ಸುರುಳಿಯ ದಪ್ಪವೋ 2 ನ್ಯಾನೋಮೀಟರ್. ಇಷ್ಟು ದೊಡ್ಡ ಅಲೆ ಜೀವಕೋಶವನ್ನು ಇಡಿಯಾಗಿ ಒಂದೇ ಸಮ ಒತ್ತಿ ಬಿಡುತ್ತದೆ, ಅಷ್ಟೆ. ಅದರೊಳಗಿನ ಒಂದು ಎಳೆಯನ್ನು ಆರಿಸಿಕೊಂಡು ಮೀಟಲು ಅದರಿಂದಾಗದು. ಅದೂ ಅಲ್ಲದೆ ಗಾಳಿಯಿಂದ ನೀರಿಗೆ ದಾಟುವಾಗ ಶಬ್ದದ ಶಕ್ತಿಯಲ್ಲಿ ಸಾವಿರಕ್ಕೆ ಒಂದು ಪಾಲು ಮಾತ್ರ ಒಳಹೋಗುತ್ತದೆ. ಡಿಎನ್‌ಎ ಹಾನಿಯಾದಾಗ ಸರಿಪಡಿಸುವ ಕಿಣ್ವಗಳು ಕೋಶದೊಳಗೇ ಇವೆ. ಅವು ಹೆಡ್‌ಫೋನ್‌ಗಾಗಿ ಕಾದು ಕೂತಿಲ್ಲ.

ಹಾಗಾದರೆ ‘ಸಂಶೋಧನೆಯಿಂದ ಸಾಬೀತಾಗಿದೆ’ ಎನ್ನುತ್ತಾರಲ್ಲ? ಹೆಚ್ಚಾಗಿ ಕೈತೋರಿಸುವುದು ಜಪಾನಿನ 2018ರ ಅಧ್ಯಯನದತ್ತ. 528 ಹರ್ಟ್ಸ್‌ಗೆ ಶ್ರುತಿ ಮಾಡಿದ ಸಂಗೀತ ಕೇಳಿದ ಮೇಲೆ ಒತ್ತಡದ ಹಾರ್ಮೋನಾದ ಕಾರ್ಟಿಸೋಲ್ ಕಡಿಮೆಯಾಗಿತ್ತು. ಕೇಳಿದವರು 9 ಮಂದಿ, ಕೇಳಿದ್ದು 5 ನಿಮಿಷ. ಮರುವರ್ಷ ಇಟಲಿಯಲ್ಲಿ 33 ಜನರ ಮೇಲೆ ಇನ್ನೊಂದು ಪ್ರಯೋಗ: ಈಗ ಜಗತ್ತಿನಲ್ಲಿ ರೂಢಿಯಲ್ಲಿರುವ 440ರ ಶ್ರುತಿಗಿಂತ 432ರ ಶ್ರುತಿಯಲ್ಲಿ ಹೃದಯ ಬಡಿತ ನಿಮಿಷಕ್ಕೆ ಐದರಷ್ಟು ಇಳಿದಿತ್ತು. ಹೀಗೆ 528ರ ಭಕ್ತರಿಗೂ 432ರ ಭಕ್ತರಿಗೂ ಒಂದೊಂದು ಪುರಾವೆ ಸಿಕ್ಕಿತು! ಒಂದು ಸ್ವರವನ್ನು 528ಕ್ಕೆ ಕೂರಿಸಿದರೂ ಹಾಡಿನಲ್ಲಿ ಉಳಿದ ಸ್ವರಗಳ ಕಂಪನ ಬೇರೆಬೇರೆಯೇ. ನಮ್ಮ ಗಾಯಕರಂತೂ ಅವರವರ ಕಂಠಕ್ಕೆ ಒಗ್ಗುವ ಆಧಾರ ಷಡ್ಜ ಇಟ್ಟುಕೊಂಡೇ ಹಾಡುತ್ತ ಬಂದಿದ್ದಾರೆ.

ಸಂಖ್ಯೆಯ ಗೊಡವೆ ಬಿಟ್ಟು ಸಂಗೀತವನ್ನೇ ಪರೀಕ್ಷಿಸಿದಾಗ ಗಟ್ಟಿ ಪುರಾವೆ ಸಿಗುತ್ತದೆ. ಶಸ್ತ್ರಚಿಕಿತ್ಸೆಗೆ ಕಾಯುವ ರೋಗಿಗಳ ಆತಂಕ ಸಂಗೀತದಿಂದ ತಗ್ಗುತ್ತದೆ ಎಂದು, ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕೊಕ್ರೇನ್ ಸಂಸ್ಥೆಯ 2013ರ ವಿಮರ್ಶೆ ತೋರಿಸಿತು. ಅದರಲ್ಲಿ 26 ಪ್ರಯೋಗಗಳು, 2,051 ರೋಗಿಗಳು. ನನಗೆ ಹೆಚ್ಚು ಇಷ್ಟವಾದದ್ದು ಲುಸಿಯಾನೊ ಬರ್ನಾರ್ಡಿ ತಂಡದ 2001ರ ಅಧ್ಯಯನ. ಲ್ಯಾಟಿನ್ ಜಪಮಾಲೆ ಪ್ರಾರ್ಥನೆ ಹೇಳಿದರೂ ‘ಓಂ ಮಣಿ ಪದ್ಮೇ’ ಮಂತ್ರ ಹೇಳಿದರೂ ಉಸಿರಾಟ ನಿಮಿಷಕ್ಕೆ ಸುಮಾರು 6ಕ್ಕೆ ಇಳಿದು, ಹೃದಯದ ಲಯ ಅದಕ್ಕೆ ಹೊಂದಿಕೊಂಡಿತು. ಕೆಲಸ ಮಾಡಿದ್ದು ನಿಧಾನದ ಉಸಿರು.

ಬೆಂಗಳೂರಿನ ನಿಮ್ಹಾನ್ಸ್ 2011ರಲ್ಲಿ ಓಂಕಾರ ಹೇಳುವವರ ಮೆದುಳನ್ನು ಎಂಆರ್‌ಐ ಯಂತ್ರದಲ್ಲಿ ನೋಡಿತು. ಭಾವನೆಗಳಿಗೆ ಸಂಬಂಧಿಸಿದ ಭಾಗಗಳ ಚಟುವಟಿಕೆ ತಗ್ಗಿತ್ತು. ‘ಸ್‌ಸ್‌ಸ್’ ಎಂದಾಗ ಹಾಗೆ ಆಗಲಿಲ್ಲ. ಕೇಳಲು ಹಿತವಾದ ಫಲಿತಾಂಶ. ಆದರೆ ಇಲ್ಲೂ ಇದ್ದದ್ದು 12 ಮಂದಿ. ಜಪಾನಿನ 9 ಮಂದಿಗೆ ಹಿಡಿದ ಅಳತೆಗೋಲನ್ನು ನಮ್ಮೂರಿನ ಪ್ರಯೋಗಕ್ಕೂ ಹಿಡಿಯಬೇಕಾಗುತ್ತದೆ.